ಮೊಬೈಲ್ ಆ್ಯಪ್ ಟೆಸ್ಟ್ ಆಟೊಮೇಷನ್: ನಿಮ್ಮ ಟೀಮಿಗೆ ಯಾವ ಟೂಲ್ ಸರಿ?

ಮೊಬೈಲ್ ಆ್ಯಪ್‌ಗೆ ಟೆಸ್ಟ್ ಆಟೊಮೇಷನ್ (ಕೈಯಲ್ಲಿ ಮಾಡುವ ಟೆಸ್ಟನ್ನು ಪ್ರೋಗ್ರಾಂನಿಂದ ಮಾಡಿಸುವುದು) ಶುರು ಮಾಡಬೇಕು ಅಂದ ಕೂಡಲೇ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಅಪಿಯಂ. ಅದಕ್ಕೆ ಕಾರಣವೂ ಇದೆ. ವೆಬ್‌ಸೈಟ್ ಟೆಸ್ಟ್ ಮಾಡುವ ಸೆಲೆನಿಯಂ ಕಲಿತ ಟೆಸ್ಟರ್‌ಗಳು ಬೆಂಗಳೂರಿನ ಯಾವ ಕಂಪನಿಗೆ ಹೋದರೂ ಸಿಗುತ್ತಾರೆ. ಅಪಿಯಂ ಕೂಡ ಅದೇ ವೆಬ್‌ಡ್ರೈವರ್ ಪದ್ಧತಿಯ (ಹೊರಗಿನಿಂದ ಆಜ್ಞೆ ಕಳಿಸುವ) ಟೂಲ್. ಕೆಲಸದ ಜಾಹೀರಾತುಗಳಲ್ಲೂ ಅದರ ಹೆಸರು ಎದ್ದು ಕಾಣುತ್ತದೆ. ಆದರೆ ಟೆಸ್ಟರ್‌ಗೆ ಕೆಲಸ ಕೊಡಿಸುವ ಟೂಲೇ ನಿಮ್ಮ ಆ್ಯಪ್‌ಗೂ ಒಳ್ಳೆಯದು ಅಂತ ಎಲ್ಲಿದೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫೀಚರ್ ಪಟ್ಟಿ ಮುಂದಿಟ್ಟುಕೊಂಡು ಟೂಲ್‌ಗಳಿಗೆ ಅಂಕ ಹಾಕುವುದು ಕೊನೆಗೆ ಮಾಡುವ ಕೆಲಸ. ಮೊದಲು ನೋಡಬೇಕಾದ್ದು ಎರಡೇ. ಆ್ಯಪ್ ಯಾವುದರಲ್ಲಿ ಕಟ್ಟಿದ್ದು? ಆರು ತಿಂಗಳ ನಂತರ ಟೆಸ್ಟ್ ಕೆಟ್ಟಾಗ ಅದನ್ನು ರಿಪೇರಿ ಮಾಡುವವರು ಯಾರು? ಇದರಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ. ಸೆಟಪ್ ಒಂದೆರಡು ದಿನದ ತಲೆನೋವು, ಟೆಸ್ಟ್‌ಗಳನ್ನು ನೋಡಿಕೊಳ್ಳುವುದು ವರ್ಷಗಟ್ಟಲೆಯ ಕೆಲಸ.

## ಒಳಗಿನವರು, ಹೊರಗಿನವರು

ಈ ಟೂಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಭಾಷೆಯದ್ದಲ್ಲ, ಅವು ಎಲ್ಲಿ ನಿಂತು ಆ್ಯಪ್ ನೋಡುತ್ತವೆ ಅನ್ನುವುದು. ಆಂಡ್ರಾಯ್ಡ್‌ನ ಟೂಲ್ ಆದ ಎಸ್ಪ್ರೆಸ್ಸೊ, ಆ್ಯಪ್ ಓಡುವ ಪ್ರಾಸೆಸ್‌ನಲ್ಲೇ ಓಡುತ್ತದೆ. ಹಾಗಾಗಿ ಸ್ಕ್ರೀನ್ ಚಿತ್ರಿಸುವ ಕೆಲಸ ಇನ್ನೂ ಬಾಕಿ ಇದೆಯಾ, ಮುಗಿಯಿತಾ ಅನ್ನುವುದು ಅದಕ್ಕೆ ತಾನಾಗಿ ಗೊತ್ತಾಗುತ್ತದೆ. ಬಾಕಿ ಇದ್ದರೆ ಕಾಯುತ್ತದೆ, ಮುಗಿದ ಮೇಲೆ ಬಟನ್ ಒತ್ತುತ್ತದೆ. ಅಪಿಯಂ, ಮಾಯೆಸ್ಟ್ರೊ ಹೊರಗೆ ನಿಂತು ನೋಡುವ ಟೂಲ್‌ಗಳು. ಕಾಲಿಂಗ್ ಬೆಲ್ ಒತ್ತಿ ಬಾಗಿಲ ಮುಂದೆ ನಿಂತವರ ಸ್ಥಿತಿ ಅವುಗಳದು: ಒಳಗಿನವರು ಬರುತ್ತಿದ್ದಾರಾ, ಮನೆಯಲ್ಲಿ ಯಾರೂ ಇಲ್ಲವಾ ಅಂತ ಊಹಿಸುತ್ತಾ ಒಂದಷ್ಟು ಹೊತ್ತು ಕಾಯಬೇಕು.

'ನಿನ್ನೆ ಪಾಸ್ ಆಗಿತ್ತು, ಇವತ್ತು ಫೇಲ್, ಮತ್ತೆ ಓಡಿಸಿದರೆ ಪಾಸ್' ಅನ್ನುವ ರೋಗದ ಬಹುಪಾಲು ಹುಟ್ಟುವುದು ಈ ಕಾಯುವ ವಿಷಯದಲ್ಲೇ. ಫ್ಲೇಕಿ ಟೆಸ್ಟ್ ಅಂತ ಕರೆಯುವುದು ಇದನ್ನೇ. ಮೂರು ಸೆಕೆಂಡ್, ಐದು ಸೆಕೆಂಡ್ ಅಂತ ಸ್ಲೀಪ್ (ಸುಮ್ಮನೆ ಕಾಯುವ ಸಾಲು) ತುರುಕಿ ಇದಕ್ಕೆ ಔಷಧ ಮಾಡುವವರು ಜಾಸ್ತಿ. ರೋಗ ವಾಸಿ ಆಗುವುದಿಲ್ಲ, ಟೆಸ್ಟ್ ಮಾತ್ರ ನಿಧಾನ ಆಗುತ್ತದೆ.

ಒಳಗೆ ನಿಲ್ಲುವುದಕ್ಕೂ ಬೆಲೆ ಇದೆ. ನಿಮ್ಮ ಆ್ಯಪ್ ದಾಟಿ ಆಚೆ ಹೋದ ಕೂಡಲೇ ಎಸ್ಪ್ರೆಸ್ಸೊಗೆ ಏನೂ ಕಾಣುವುದಿಲ್ಲ. ನೋಟಿಫಿಕೇಷನ್ ಎಳೆದು ನೋಡುವುದು, ಪರ್ಮಿಷನ್ ಕೇಳುವ ಸಿಸ್ಟಂ ಡಯಲಾಗ್, ಹಣ ಕಟ್ಟುವಾಗ ಯುಪಿಐ ಆ್ಯಪ್‌ಗೆ ಜಿಗಿಯುವುದು, ಇವೆಲ್ಲ ಅದರ ಗಡಿಯಾಚೆ. ಅಲ್ಲಿ ಗೂಗಲ್‌ನದೇ ಯುಐ ಆಟೊಮೇಟರ್ ಜೊತೆಗೆ ಬೇಕು. ಇಲ್ಲವೇ ಹೊರಗೆ ಹೋಗುವ ಇಂಟೆಂಟ್‌ಗೆ (ಬೇರೆ ಆ್ಯಪ್ ತೆರೆಯಲು ಕಳಿಸುವ ಕೋರಿಕೆಗೆ) ಸುಳ್ಳು ಉತ್ತರ ಕೊಟ್ಟು ಮುಂದೆ ಸಾಗಬೇಕು. ಯುಪಿಐ ವಿಷಯದಲ್ಲಿ ಸುಳ್ಳು ಉತ್ತರವೇ ಸರಿ. ಪಿನ್ ಹಾಕುವ ಸ್ಕ್ರೀನನ್ನು ಯಾವ ಟೂಲಿಂದಲೂ ಆಟೊಮೇಟ್ ಮಾಡಲು ಹೋಗಬೇಡಿ.

## ಅಪಿಯಂ: ಉದ್ದದ ಸರಪಳಿ

ಅಪಿಯಂನಲ್ಲಿ ನೀವು ಬರೆದ ಒಂದು 'ಕ್ಲಿಕ್' ಫೋನಿಗೆ ತಲುಪುವ ದಾರಿ ನೋಡಿ. ಸ್ಕ್ರಿಪ್ಟ್‌ನಿಂದ ಅಪಿಯಂ ಸರ್ವರ್‌ಗೆ, ಸರ್ವರ್‌ನಿಂದ ಡ್ರೈವರ್‌ಗೆ (ಆಜ್ಞೆಯನ್ನು ಆ ಫೋನಿಗೆ ತಕ್ಕಂತೆ ತಿರುಗಿಸುವ ಭಾಗ), ಡ್ರೈವರ್‌ನಿಂದ ಫೋನ್ ಒಳಗೆ ಕೂತ ಸಣ್ಣ ಏಜೆಂಟ್‌ಗೆ, ಅಲ್ಲಿಂದ ಆ್ಯಪ್‌ಗೆ. ಆಂಡ್ರಾಯ್ಡ್ ಆದರೆ ಆ ಏಜೆಂಟ್ ಯುಐ ಆಟೊಮೇಟರ್ 2 ಸರ್ವರ್, ಐಫೋನ್ ಆದರೆ ವೆಬ್‌ಡ್ರೈವರ್ ಏಜೆಂಟ್. ಮಧ್ಯದ ಯಾವ ಕೊಂಡಿ ಕಳಚಿದರೂ ನಿಮಗೆ ಕಾಣುವುದು ಒಂದೇ ಮಾತು: ಸೆಷನ್ ಶುರುವಾಗಲಿಲ್ಲ.

ಆಂಡ್ರಾಯ್ಡ್‌ಗೆ ಬೇಕಾದ ಸಾಮಾನು ಇಷ್ಟು: ನೋಡ್ ಜೆಎಸ್, ಜೆಡಿಕೆ, ಆಂಡ್ರಾಯ್ಡ್ ಎಸ್‌ಡಿಕೆ, ಅವೆರಡರ ದಾರಿ ತೋರಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಪಿಯಂ, ಮತ್ತು ಬೇರೆಯಾಗಿ ಹಾಕಿಕೊಳ್ಳಬೇಕಾದ ಡ್ರೈವರ್. ಈ ಕೊನೆಯದನ್ನು ಬಿಟ್ಟವರೇ ಹೆಚ್ಚು ಒದ್ದಾಡುತ್ತಾರೆ. 2023ರಲ್ಲಿ ಬಂದ ಅಪಿಯಂ 2ರಿಂದ ಡ್ರೈವರ್‌ಗಳು ಮೂಲ ಪ್ಯಾಕೇಜ್‌ನಲ್ಲಿ ಇಲ್ಲ. ಅಂತರ್ಜಾಲದಲ್ಲಿ ಸಿಗುವ ಹಳೆಯ ಪಾಠಗಳು ಅಪಿಯಂ 1ರ ಕಾಲದವು. ಸರ್ವರ್ ವಿಳಾಸದ ಕೊನೆಗೆ 'ಡಬ್ಲ್ಯುಡಿ ಹಬ್' ಸೇರಿಸಿ ಅನ್ನುವುದು, ಅಪಿಯಂ ಡೆಸ್ಕ್‌ಟಾಪ್ ಇಳಿಸಿಕೊಳ್ಳಿ ಅನ್ನುವುದು, ಕೇಪಬಿಲಿಟಿ (ಯಾವ ಫೋನ್, ಯಾವ ಆ್ಯಪ್ ಅಂತ ಹೇಳುವ ಸೆಟ್ಟಿಂಗ್) ಹೆಸರುಗಳನ್ನು ಬರಿದಾಗಿ ಬರೆಯುವುದು, ಎಲ್ಲ ಆ ಕಾಲದ ಅಭ್ಯಾಸ. ಈಗ ವಿಳಾಸಕ್ಕೆ ಆ ಬಾಲ ತಾನಾಗಿ ಇರುವುದಿಲ್ಲ, ಡೆಸ್ಕ್‌ಟಾಪ್ ಬದಲು ಅಪಿಯಂ ಇನ್‌ಸ್ಪೆಕ್ಟರ್ ಇದೆ, ಅಪಿಯಂಗೆ ಸೇರಿದ ಕೇಪಬಿಲಿಟಿಗಳ ಮುಂದೆ 'ಅಪಿಯಂ' ಅಂತ ಮತ್ತು ಕೋಲನ್ ಬೇಕು. 2025ರಲ್ಲಿ ಮೂರನೆಯ ಆವೃತ್ತಿಯೂ ಬಂದಿದೆ. ಹಾಗಾಗಿ ಪಾಠ ನೋಡುವ ಮೊದಲು ಅದರ ತಾರೀಕು ನೋಡಿ. ಏನು ಕಡಿಮೆ ಬಿದ್ದಿದೆ ಅಂತ ಹೇಳುವ 'ಡಾಕ್ಟರ್' ಕಮಾಂಡ್ ಡ್ರೈವರ್ ಜೊತೆಗೇ ಬರುತ್ತದೆ. ಮೊದಲು ಅದನ್ನು ಓಡಿಸಿದರೆ ಅರ್ಧ ದಿನ ಉಳಿಯುತ್ತದೆ.

ಐಫೋನ್ ಕಡೆ ಕಥೆ ಬೇರೆ. ಮ್ಯಾಕ್ ಇಲ್ಲದೆ ಎಕ್ಸ್‌ಕೋಡ್ (ಆ್ಯಪಲ್‌ನ ಆ್ಯಪ್ ಕಟ್ಟುವ ಸಾಫ್ಟ್‌ವೇರ್) ಇಲ್ಲ, ಎಕ್ಸ್‌ಕೋಡ್ ಇಲ್ಲದೆ ನಿಮ್ಮ ಮೇಜಿನ ಮೇಲೆ ಏನೂ ಇಲ್ಲ. ಸಿಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ಓಡುವ ನಕಲಿ ಐಫೋನ್) ಮೇಲೆ ಓಡಿಸುವುದು ಸಲೀಸು. ನಿಜವಾದ ಫೋನಿಗೆ ವೆಬ್‌ಡ್ರೈವರ್ ಏಜೆಂಟನ್ನು ನಿಮ್ಮ ಆ್ಯಪಲ್ ಖಾತೆಯಿಂದ ಸೈನ್ ಮಾಡಬೇಕು. ಉಚಿತ ಖಾತೆಯಲ್ಲಿ ಆ ಸೈನ್ ಏಳು ದಿನಕ್ಕೆ ಮುಗಿಯುತ್ತದೆ. ವಾರಕ್ಕೊಮ್ಮೆ ಅದೇ ಕೆಲಸ ಮತ್ತೆ. ವರ್ಷಕ್ಕೆ 99 ಡಾಲರ್‌ನ ಡೆವಲಪರ್ ಖಾತೆ ಕಂಪನಿಯಲ್ಲಿ ಹೇಗೂ ಇರುತ್ತದೆ. ಟೆಸ್ಟಿಂಗ್ ಟೀಮಿಗೂ ಅದರಲ್ಲಿ ಜಾಗ ಕೊಡಿ ಅಂತ ಮೊದಲ ದಿನವೇ ಕೇಳಿ.

ಇಷ್ಟೆಲ್ಲ ಇದ್ದರೂ ಅಪಿಯಂ ಯಾಕೆ ಉಳಿದಿದೆ? ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್, ರೂಬಿ, ಸಿ ಶಾರ್ಪ್, ನಿಮಗೆ ಬರುವ ಭಾಷೆಯಲ್ಲಿ ಬರೆಯಬಹುದು. ಎರಡೂ ಪ್ಲಾಟ್‌ಫಾರ್ಮ್‌ಗೆ ಟೆಸ್ಟ್‌ನ ಹಂತಗಳು ಒಂದೇ ಇರಬಹುದು. ಆ್ಯಪ್‌ನ ಸೋರ್ಸ್ ಕೋಡ್ ಕೈಯಲ್ಲಿ ಇಲ್ಲದಿದ್ದರೂ ಬರೀ ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಸಿಕ್ಕರೆ ಸಾಕು. ಹೊರಗಿನ ಕ್ಲೈಂಟ್‌ಗೆ ಟೆಸ್ಟ್ ಮಾಡಿಕೊಡುವ ಸರ್ವೀಸ್ ಕಂಪನಿಗಳಿಗೆ ಈ ಕೊನೆಯ ಅಂಶವೊಂದೇ ಸಾಕು, ಬೇರೆ ಚರ್ಚೆ ಬೇಡ.

ಒಂದು ಎಚ್ಚರಿಕೆ: ಐಫೋನ್ ಟೆಸ್ಟ್‌ಗಳಲ್ಲಿ ಎಕ್ಸ್‌ಪಾತ್ (ಸ್ಕ್ರೀನಿನ ರಚನೆಯಲ್ಲಿ ದಾರಿ ಹೇಳಿ ಬಟನ್ ಹುಡುಕುವ ವಿಧಾನ) ಬಳಸಬೇಡಿ. ಪ್ರತಿ ಸಲ ಇಡೀ ಸ್ಕ್ರೀನಿನ ಮರವನ್ನು ಓದಿ ಹುಡುಕಬೇಕಾದ್ದರಿಂದ ತುಂಬಾ ನಿಧಾನ. ಬದಲಿಗೆ ಅಪಿಯಂ ಕೊಡುವ ಬೇರೆ ಹುಡುಕುವ ವಿಧಾನಗಳಾದ ಪ್ರೆಡಿಕೇಟ್ ಅಥವಾ ಕ್ಲಾಸ್ ಚೈನ್ ಹಾಕಿ.

## ಎಸ್ಪ್ರೆಸ್ಸೊ ಮತ್ತು ಎಕ್ಸ್‌ಸಿಯುಐಟೆಸ್ಟ್

ಎಸ್ಪ್ರೆಸ್ಸೊವನ್ನು ಗೂಗಲ್ 2013ರಲ್ಲಿ ಹೊರಗೆ ಬಿಟ್ಟಿತು. ಆ್ಯಪಲ್‌ನ ಎಕ್ಸ್‌ಸಿಯುಐಟೆಸ್ಟ್ 2015ರಲ್ಲಿ ಎಕ್ಸ್‌ಕೋಡ್ 7ರ ಜೊತೆ ಬಂತು. ಸೆಟಪ್ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಡೆವಲಪರ್‌ನ ಕಂಪ್ಯೂಟರ್‌ನಲ್ಲಿ ಆ್ಯಪ್ ಬಿಲ್ಡ್ ಆಗುತ್ತಿದ್ದರೆ ಮುಕ್ಕಾಲು ಪಾಲು ಮುಗಿದಂತೆ. ಮೊದಲನೆಯದಕ್ಕೆ ಗ್ರೇಡಲ್ ಬಿಲ್ಡ್ ಫೈಲಿನಲ್ಲಿ ಒಂದೆರಡು ಸಾಲು, ಎರಡನೆಯದಕ್ಕೆ ಪ್ರಾಜೆಕ್ಟ್‌ನಲ್ಲಿ ಹೊಸ ಟೆಸ್ಟ್ ಟಾರ್ಗೆಟ್, ಅಷ್ಟೇ. ಆಂಡ್ರಾಯ್ಡ್ ಫೋನಿನ ಡೆವಲಪರ್ ಆಪ್ಷನ್ಸ್‌ನಲ್ಲಿ ಮೂರು ಅನಿಮೇಷನ್ ಸೆಟ್ಟಿಂಗ್‌ಗಳನ್ನು ಆಫ್ ಮಾಡಲು ಮರೆಯಬೇಡಿ. ಗೂಗಲ್‌ನ ಸ್ಕ್ರೀನ್ ಕಟ್ಟುವ ಟೂಲ್‌ಕಿಟ್ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಬರೆದ ಸ್ಕ್ರೀನ್‌ಗಳಿಗೆ ಕಂಪೋಸ್‌ನದೇ ಟೆಸ್ಟ್ ಲೈಬ್ರರಿ ಇದೆ, ಎರಡನ್ನೂ ಒಟ್ಟಿಗೆ ಬಳಸಬಹುದು.

ಎರಡೂ ಒಂದೇ ಜಾತಿ ಅಂದುಕೊಳ್ಳಬೇಡಿ. ಎಕ್ಸ್‌ಸಿಯುಐಟೆಸ್ಟ್ ಆ್ಯಪ್‌ನಿಂದ ಬೇರೆ ಪ್ರಾಸೆಸ್‌ನಲ್ಲಿ ಓಡುತ್ತದೆ. ಅಂದರೆ ಆ್ಯಪ್‌ನ ಒಳಗಿನ ಆಬ್ಜೆಕ್ಟ್‌ಗಳನ್ನು ನೇರ ಮುಟ್ಟಲು ಆಗದು. ಲಾಂಚ್ ಆರ್ಗ್ಯುಮೆಂಟ್ ಕೊಟ್ಟು 'ಟೆಸ್ಟ್ ಮೋಡ್‌ನಲ್ಲಿ ತೆರೆ' ಅಂತ ಹೇಳಬಹುದು.

ತೊಂದರೆ ಇರುವುದು ಜನರ ಲೆಕ್ಕದಲ್ಲಿ. ಒಂದನ್ನು ಕಾಟ್ಲಿನ್ ಅಥವಾ ಜಾವಾದಲ್ಲಿ, ಇನ್ನೊಂದನ್ನು ಸ್ವಿಫ್ಟ್‌ನಲ್ಲಿ, ಹೀಗೆ ಅದೇ ಟೆಸ್ಟ್ ಎರಡು ಸಲ ಬರೆಯಬೇಕು. ಡೆವಲಪರ್‌ಗಳು ಸ್ವತಃ ಬರೆಯುವ ಟೀಮ್ ಆದರೆ ಇದಕ್ಕಿಂತ ಗಟ್ಟಿ ಆಯ್ಕೆ ಇಲ್ಲ. 'ನಾವು ಕೋಡ್ ಬರೀತೀವಿ, ಟೆಸ್ಟ್ ನಿಮ್ಮ ಪಾಡು' ಅನ್ನುವ ಡೆವಲಪರ್‌ಗಳಿರುವ ಕಡೆ ಇದನ್ನು ಹಾಕಿದರೆ ಕೆಲವೇ ತಿಂಗಳಲ್ಲಿ ಟೆಸ್ಟ್‌ಗಳು ಕಾಮೆಂಟ್ (ಓಡದಂತೆ ಮಾಡಿದ ಕೋಡ್) ಆಗಿ ಮಲಗಿರುತ್ತವೆ.

## ಮಾಯೆಸ್ಟ್ರೊ

ಮ್ಯಾನ್ಯುವಲ್ ಟೆಸ್ಟಿಂಗ್ ಮಾಡುವವರೇ ಟೀಮಿನಲ್ಲಿ ಇದ್ದರೆ ನಾನು ಮೊದಲು ತೋರಿಸುವುದು ಇದನ್ನು. 2022ರಲ್ಲಿ ಬಂದ ಓಪನ್ ಸೋರ್ಸ್ ಟೂಲ್. ಟೆಸ್ಟ್ ಬರೆಯುವುದು ಯಾಮಲ್ ಫೈಲಿನಲ್ಲಿ: ಆ್ಯಪ್ ತೆರೆ, ಇದನ್ನು ಒತ್ತು, ಇದು ಕಾಣಬೇಕು. ಸಾಲಿಗೊಂದು ಮಾತು. ಜಾವಾ 17 ಮತ್ತು ಮಾಯೆಸ್ಟ್ರೊ, ಎರಡನ್ನು ಹಾಕಿ ಫೋನ್ ಜೋಡಿಸಿದರೆ ಆಂಡ್ರಾಯ್ಡ್‌ನಲ್ಲಿ ಮೊದಲ ಟೆಸ್ಟ್ ಊಟದ ಹೊತ್ತಿಗೆ ಓಡುತ್ತದೆ. ಸ್ಕ್ರೀನ್ ಇನ್ನೂ ಬಂದಿಲ್ಲ ಅಂದರೆ ತಾನೇ ಒಂದಷ್ಟು ಹೊತ್ತು ಕಾದು ಮತ್ತೆ ಪ್ರಯತ್ನಿಸುವ ಗುಣ ಅದರಲ್ಲಿ ಹುಟ್ಟಿನಿಂದಲೇ ಇದೆ.

ಮಿತಿಗಳೂ ಅಷ್ಟೇ ಸ್ಪಷ್ಟ. ಐಫೋನ್ ಕಡೆ ಅದು ಸಿಮ್ಯುಲೇಟರ್‌ನ ಟೂಲ್ ಆಗಿಯೇ ಬೆಳೆದದ್ದು, ನಿಜವಾದ ಐಫೋನ್ ಅದರ ದುರ್ಬಲ ಜಾಗ. ಟೆಸ್ಟ್‌ನಲ್ಲಿ ಲೆಕ್ಕಾಚಾರ, ಡೇಟಾಬೇಸ್ ನೋಡುವುದು, ಹತ್ತಾರು ಷರತ್ತು ಇದ್ದರೆ ಯಾಮಲ್ ಮಧ್ಯೆ ಜಾವಾಸ್ಕ್ರಿಪ್ಟ್ ಸಿಕ್ಕಿಸುತ್ತಾ ಹೋಗಬೇಕು. ಆಗ ಅದರ ಸರಳತೆಯೇ ಹೋಗುತ್ತದೆ. ಲಾಗಿನ್, ಆರ್ಡರ್, ಪ್ರೊಫೈಲ್ ಬದಲಾವಣೆ, ಇಂಥ ಇಪ್ಪತ್ತು ಮೂವತ್ತು ಮುಖ್ಯ ದಾರಿಗಳಿಗೆ ಸಾಕು.

## ರಿಯಾಕ್ಟ್ ನೇಟಿವ್, ಫ್ಲಟರ್

ಒಂದೇ ಕೋಡ್‌ನಿಂದ ಎರಡೂ ಫೋನಿಗೆ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್‌ಗಳು ಇವು. ರಿಯಾಕ್ಟ್ ನೇಟಿವ್‌ಗೆ ವಿಕ್ಸ್ ಕಂಪನಿ ಮಾಡಿದ ಟೆಸ್ಟ್ ಟೂಲ್ ಡಿಟಾಕ್ಸ್ ಇದೆ. ಆ್ಯಪ್ ಒಳಗಿನ ಕೆಲಸ ಮುಗಿಯುವವರೆಗೆ ಕಾಯುವುದು ಅದರ ಶಕ್ತಿ. ಆದರೆ ಐಫೋನ್ ಕಡೆ ಬರೀ ಸಿಮ್ಯುಲೇಟರ್. ಡೆವಲಪರ್‌ಗಳು ಜೊತೆಗಿಲ್ಲದಿದ್ದರೆ ಬಿಲ್ಡ್ ಸೆಟ್ಟಿಂಗ್‌ಗಳಲ್ಲೇ ಕಳೆದುಹೋಗುತ್ತೀರಿ.

ಫ್ಲಟರ್ ಇನ್ನೂ ವಿಚಿತ್ರ. ಅದು ಬಟನ್, ಪಠ್ಯ ಎಲ್ಲವನ್ನೂ ತಾನೇ ಕ್ಯಾನ್ವಾಸ್ ಮೇಲೆ ಬಿಡಿಸುತ್ತದೆ. ಹೊರಗೆ ನಿಂತ ಟೂಲ್‌ಗಳಿಗೆ ಕಾಣುವುದು ಸೆಮ್ಯಾಂಟಿಕ್ಸ್ ಅನ್ನುವ (ಸ್ಕ್ರೀನ್ ಓದುವ ಸಾಧನಗಳಿಗಾಗಿ ಇರುವ) ಪದರದಲ್ಲಿ ಏನಿದೆಯೋ ಅಷ್ಟು ಮಾತ್ರ. ಡೆವಲಪರ್ ಹಾಕಿದ 'ಕೀ' (ಗುರುತಿನ ಹೆಸರು) ಅಪಿಯಂನ ಮಾಮೂಲಿ ಡ್ರೈವರ್‌ಗೆ ಕಾಣುವುದಿಲ್ಲ. ಫ್ಲಟರ್‌ನದೇ ಇಂಟಿಗ್ರೇಷನ್ ಟೆಸ್ಟ್ ಪ್ಯಾಕೇಜ್ ಇದನ್ನೆಲ್ಲ ಒಳಗಿನಿಂದ ನೋಡುತ್ತದೆ, ಆದರೆ ಪರ್ಮಿಷನ್ ಡಯಲಾಗ್ ಬಂದಾಗ ಕೈಚೆಲ್ಲುತ್ತದೆ. ಆ ಕೊರತೆ ತುಂಬಲು ಹುಟ್ಟಿದ್ದು ಪಟ್ರೋಲ್ ಅನ್ನುವ ಟೂಲ್. ಫ್ಲಟರ್ ಆ್ಯಪ್ ಮತ್ತು ಡಾರ್ಟ್ (ಫ್ಲಟರ್‌ನ ಭಾಷೆ) ಬಲ್ಲ ಟೀಮ್ ಇದ್ದರೆ ನನ್ನ ಓಟು ಪಟ್ರೋಲ್‌ಗೆ.

## ಕನ್ನಡ ಟೈಪ್ ಮಾಡಿಸಿ ನೋಡಿ

ಹೋಲಿಕೆಯ ಬರಹಗಳಲ್ಲಿ ಈ ವಿಷಯ ಬರುವುದೇ ಇಲ್ಲ. ನಮಗೆ ಮಾತ್ರ ಇದು ಬೇಕು. ನಿಮ್ಮ ಆ್ಯಪ್‌ನಲ್ಲಿ ಬಳಕೆದಾರರು ಹೆಸರು, ವಿಳಾಸ, ಹುಡುಕಾಟದ ಪದ ಕನ್ನಡದಲ್ಲಿ ಬರೆಯುತ್ತಾರೆ ಅಂದರೆ ಟೆಸ್ಟ್ ಕೂಡ ಬರೆಯಬೇಕಲ್ವಾ?

ಕಂಪ್ಯೂಟರ್‌ನಿಂದ ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡುವ ಎಡಿಬಿಯ ಇನ್‌ಪುಟ್ ಟೆಕ್ಸ್ಟ್ ಕಮಾಂಡ್‌ಗೆ 'ಹುಬ್ಬಳ್ಳಿ' ಅಂತ ಕೊಟ್ಟು ನೋಡಿ, ಎರರ್ ಬರುತ್ತದೆ. ಕೀ ಒತ್ತಿದಂತೆ ನಟಿಸುವ ಯಾವ ದಾರಿಗೂ ಇದೇ ಗತಿ. ಎಸ್ಪ್ರೆಸ್ಸೊದಲ್ಲಿ 'ಟೈಪ್ ಟೆಕ್ಸ್ಟ್' ಕನ್ನಡಕ್ಕೆ ಕೆಲಸ ಮಾಡದು, 'ರಿಪ್ಲೇಸ್ ಟೆಕ್ಸ್ಟ್' ಮಾಡುತ್ತದೆ. ಯಾಕೆಂದರೆ ಅದು ಕೀಲಿ ಒತ್ತುವುದಿಲ್ಲ, ಪಠ್ಯವನ್ನು ನೇರ ಪೆಟ್ಟಿಗೆಯಲ್ಲಿ ಇಡುತ್ತದೆ. ಅಪಿಯಂನ ಆಂಡ್ರಾಯ್ಡ್ ಡ್ರೈವರ್‌ನಲ್ಲಿ 'ಸೆಂಡ್ ಕೀಸ್' ಕೂಡ ಪಠ್ಯವನ್ನು ನೇರ ಇಡುವ ಜಾತಿಯದೇ, ಹಾಗಾಗಿ ಕನ್ನಡ ಸರಿಯಾಗಿ ಬೀಳುತ್ತದೆ. ಮಾಯೆಸ್ಟ್ರೊಗೆ ಆಂಡ್ರಾಯ್ಡ್‌ನಲ್ಲಿ ಯೂನಿಕೋಡ್ ಟೈಪ್ ಮಾಡುವುದು ಬಹುಕಾಲ ಆಗುತ್ತಿರಲಿಲ್ಲ. ನಿಮ್ಮ ಕೈಯಲ್ಲಿರುವ ಆವೃತ್ತಿಯಲ್ಲಿ ಒಂದು ಪದ ಹಾಕಿ ನೋಡಿಯೇ ಮುಂದುವರಿಯಿರಿ. ಇನ್ನೊಂದು ಮಾತು. ನೇರ ಇಟ್ಟ ಪಠ್ಯ ಕೀಬೋರ್ಡ್ ದಾಟಿ ಬಂದದ್ದಲ್ಲ. ಪ್ರತಿ ಅಕ್ಷರಕ್ಕೂ ಸಲಹೆ ತೋರಿಸುವ ಸರ್ಚ್ ಬಾಕ್ಸ್ ಇದ್ದರೆ ಆ ಭಾಗವನ್ನು ಕೈಯಲ್ಲೇ ಟೆಸ್ಟ್ ಮಾಡಿ.

ಒತ್ತಕ್ಷರದ ಕೆಳಭಾಗ ಬಟನ್ ಅಂಚಿನಲ್ಲಿ ಕತ್ತರಿಸಿ ಹೋಗಿರುತ್ತದೆ ನೋಡಿ, ಅದನ್ನು ಇವುಗಳಲ್ಲಿ ಯಾವುದೂ ತಾನಾಗಿ ಹಿಡಿಯುವುದಿಲ್ಲ. ಪಠ್ಯ ಇದೆಯಾ ಅಂದರೆ ಇದೆ, ಟೆಸ್ಟ್ ಪಾಸ್. ಅದಕ್ಕೆ ಸ್ಕ್ರೀನ್‌ಶಾಟ್ ತೆಗೆದು ಹಳೆಯದಕ್ಕೆ ಹೋಲಿಸುವ ಟೆಸ್ಟ್‌ಗಳೇ ಬೇಕು.

ಭಾಷೆಯಿಂದ ಬರುವ ಇನ್ನೊಂದು ಪೆಟ್ಟು ಲೊಕೇಟರ್‌ಗೆ (ಬಟನ್ ಹುಡುಕಲು ಟೂಲ್‌ಗೆ ಕೊಡುವ ಗುರುತು). 'ಲಾಗಿನ್ ಅಂತ ಬರೆದಿರುವುದನ್ನು ಒತ್ತು' ಅಂತ ಟೆಸ್ಟ್ ಇದ್ದರೆ, ಆ್ಯಪ್ ಕನ್ನಡಕ್ಕೆ ತಿರುಗಿದ ದಿನ ಎಲ್ಲ ಕೆಂಪು. ಟೂಲ್ ಯಾವುದೇ ಇರಲಿ, ಮೊದಲು ಡೆವಲಪರ್‌ಗಳಿಂದ ಬದಲಾಗದ ಐಡಿ ಹಾಕಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ರಿಸೋರ್ಸ್ ಐಡಿ, ಐಫೋನ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಐಡೆಂಟಿಫೈಯರ್, ರಿಯಾಕ್ಟ್ ನೇಟಿವ್‌ನಲ್ಲಿ ಟೆಸ್ಟ್ ಐಡಿ, ಫ್ಲಟರ್‌ನಲ್ಲಿ ಸೆಮ್ಯಾಂಟಿಕ್ಸ್ ಐಡೆಂಟಿಫೈಯರ್. ಆಂಡ್ರಾಯ್ಡ್‌ನ ಕಂಟೆಂಟ್ ಡಿಸ್ಕ್ರಿಪ್ಷನ್‌ನಲ್ಲಿ ಐಡಿ ತುರುಕುವ ಕೆಟ್ಟ ಅಭ್ಯಾಸವೊಂದು ಇದೆ. ಅದನ್ನು ಸ್ಕ್ರೀನ್ ಓದಿ ಹೇಳುವ ಟಾಕ್‌ಬ್ಯಾಕ್ ಗಟ್ಟಿಯಾಗಿ ಓದುತ್ತದೆ. ಕಣ್ಣು ಕಾಣದ ಬಳಕೆದಾರರಿಗೆ 'ಬಿಟಿಎನ್ ಅಂಡರ್‌ಸ್ಕೋರ್ ಲಾಗಿನ್' ಅಂತ ಕೇಳಿಸುವುದು ಯಾವ ನ್ಯಾಯ?

## ಯಾವ ಫೋನ್ ಮೇಲೆ ಓಡಿಸುವುದು?

ದಿನನಿತ್ಯ ಟೆಸ್ಟ್ ಬರೆಯಲು ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲೇ ಓಡುವ ನಕಲಿ ಆಂಡ್ರಾಯ್ಡ್ ಫೋನ್) ಸಾಕು. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಮಾತ್ರ ಇದ್ದರೆ ಆಂಡ್ರಾಯ್ಡ್ ಸ್ಟುಡಿಯೊ, ಎಮ್ಯುಲೇಟರ್, ಬ್ರೌಸರ್ ಮೂರೂ ತೆರೆದು ಕೆಲಸ ಮಾಡುವುದು ಹಿಂಸೆ. 16 ಇದ್ದರೆ ನೆಮ್ಮದಿ. ಇಲ್ಲದಿದ್ದರೆ ಹಳೆಯ ಆಂಡ್ರಾಯ್ಡ್ ಫೋನನ್ನೇ ಕೇಬಲ್‌ಗೆ ಸಿಕ್ಕಿಸಿ, ಅದು ವೇಗವಾಗಿಯೂ ಓಡುತ್ತದೆ.

ನಿಜವಾದ ಫೋನಿಗೆ ಬಂದರೆ ಶಿಯೋಮಿ, ರೆಡ್‌ಮಿ ಫೋನ್‌ಗಳಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿದರೆ ಸಾಲದು. 'ಸೆಕ್ಯುರಿಟಿ ಸೆಟ್ಟಿಂಗ್ಸ್' ಅನ್ನುವ ಇನ್ನೊಂದು ಡೀಬಗಿಂಗ್ ಸ್ವಿಚ್ ಕೂಡ ಆನ್ ಆಗಬೇಕು, ಯುಎಸ್‌ಬಿ ಮೂಲಕ ಇನ್‌ಸ್ಟಾಲ್ ಮಾಡಲು ಒಪ್ಪಿಗೆಯೂ ಬೇಕು. ಇಲ್ಲದಿದ್ದರೆ ಆ್ಯಪ್ ತೆರೆಯುತ್ತದೆ, ಬಟನ್ ಮಾತ್ರ ಒತ್ತುವುದಿಲ್ಲ. ಟೂಲ್ ಕೆಟ್ಟಿದೆ ಅಂತ ಅದನ್ನು ಬೈಯುತ್ತಾ ಕೂರುವವರು ಎಷ್ಟೋ ಜನ. ದಿನವಿಡೀ ಚಾರ್ಜಿಗೆ ಸಿಕ್ಕಿಸಿಟ್ಟ ಫೋನ್‌ಗಳ ಬ್ಯಾಟರಿ ಊದಿಕೊಳ್ಳುವುದೂ ಉಂಟು, ಆಗಾಗ ಹಿಂಬದಿ ಮುಟ್ಟಿ ನೋಡಿ.

ಹಲವು ಮಾಡೆಲ್ ಬೇಕು ಅಂದಾಗ ಕ್ಲೌಡ್, ಅಂದರೆ ಬೇರೆಯವರ ಬಳಿ ಇರುವ ಫೋನ್‌ಗಳನ್ನು ಇಂಟರ್ನೆಟ್ ಮೂಲಕ ಬಳಸುವುದು. 2011ರಲ್ಲಿ ಮುಂಬೈಯಲ್ಲಿ ಹುಟ್ಟಿದ ಬ್ರೌಸರ್‌ಸ್ಟ್ಯಾಕ್, ಸಾಸ್ ಲ್ಯಾಬ್ಸ್, ಅಮೆಜಾನ್‌ನ ಡಿವೈಸ್ ಫಾರ್ಮ್, ಗೂಗಲ್‌ನ ಫೈರ್‌ಬೇಸ್ ಟೆಸ್ಟ್ ಲ್ಯಾಬ್, ಇವು ಮುಖ್ಯವಾದವು. ಇಲ್ಲಿ ಟೂಲ್ ಆಯ್ಕೆ ಮತ್ತೆ ಅಡ್ಡ ಬರುತ್ತದೆ: ಫೈರ್‌ಬೇಸ್‌ನಲ್ಲಿ ಎಸ್ಪ್ರೆಸ್ಸೊ, ಯುಐ ಆಟೊಮೇಟರ್, ಎಕ್ಸ್‌ಸಿಟೆಸ್ಟ್ (ಎಕ್ಸ್‌ಸಿಯುಐಟೆಸ್ಟ್ ಇದರ ಭಾಗ) ಓಡುತ್ತವೆ, ಅಪಿಯಂ ಓಡುವುದಿಲ್ಲ. ಅಪಿಯಂ ಬೇಕಾದರೆ ಉಳಿದ ಮೂರರಲ್ಲಿ ಒಂದು. ಬೆಲೆ ಬದಲಾಗುತ್ತಿರುತ್ತದೆ, ಅಂದಾಜಿಗೆ ಹೇಳುವುದಾದರೆ ಫೈರ್‌ಬೇಸ್‌ನ ಉಚಿತ ಯೋಜನೆಯಲ್ಲಿ ದಿನಕ್ಕೆ ನಿಜ ಫೋನ್ ಮೇಲೆ 5, ವರ್ಚುವಲ್ ಫೋನ್ ಮೇಲೆ 10 ಟೆಸ್ಟ್ ಓಡಿಸಬಹುದು. ಅಮೆಜಾನ್ ಮೊದಲ 1000 ನಿಮಿಷ ಉಚಿತ ಕೊಟ್ಟು ಆಮೇಲೆ ನಿಮಿಷಕ್ಕೆ 0.17 ಡಾಲರ್ ಹಾಕುತ್ತದೆ. ಒಂದೂ ಸಾಲು ಬರೆಯದೆ ಆ್ಯಪ್ ತಾನಾಗಿ ಎಲ್ಲಿ ಬೀಳುತ್ತದೆ ಅಂತ ನೋಡಬೇಕಾದರೆ ಫೈರ್‌ಬೇಸ್‌ನ ರೋಬೊ ಟೆಸ್ಟ್ ಹಾಕಿ. ಸ್ಕ್ರೀನಿನ ರಚನೆ ನೋಡಿಕೊಂಡು ಒಂದೊಂದೇ ಒತ್ತುತ್ತಾ ಹೋಗುತ್ತದೆ, ಕ್ರ್ಯಾಶ್ ಹಿಡಿಯುತ್ತದೆ.

ಕ್ಲೌಡ್‌ಗೆ ಹೋಗುವ ಮೊದಲು ಓಟಿಪಿ ವಿಷಯ ಬಗೆಹರಿಸಿ. ಅಲ್ಲಿನ ಫೋನಿನಲ್ಲಿ ನಿಮ್ಮ ಸಿಮ್ ಇರುವುದಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಕೆಲವು ನಂಬರ್‌ಗಳಿಗೆ ಬದಲಾಗದ ಓಟಿಪಿ ಇಡಿಸಿಕೊಳ್ಳಿ, ಅದು ಪ್ರೊಡಕ್ಷನ್‌ಗೆ (ನಿಜವಾದ ಬಳಕೆದಾರರ ಸರ್ವರ್‌ಗೆ) ಹೋಗದಂತೆ ನೋಡಿಕೊಳ್ಳಿ. ಬ್ಯಾಂಕ್ ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ತಡೆಯುವ ಫ್ಲ್ಯಾಗ್ ಹಾಕಿರುತ್ತಾರೆ. ಟೆಸ್ಟ್ ಬಿಲ್ಡ್‌ನಲ್ಲಿ ಅದನ್ನು ತೆಗೆಸದಿದ್ದರೆ ಫೇಲ್ ಆದ ಟೆಸ್ಟ್‌ನ ಜೊತೆ ಬರುವುದು ಬರೀ ಕಪ್ಪು ಚಿತ್ರ.

## ಆರಿಸುವುದು ಹೇಗೆ

ಆ್ಯಪ್ ನೇಟಿವ್ (ಆ ಫೋನಿನದೇ ಭಾಷೆಯಲ್ಲಿ ಕಟ್ಟಿದ್ದು), ಡೆವಲಪರ್‌ಗಳು ಟೆಸ್ಟ್ ಬರೆಯಲು ಸಿದ್ಧ: ಎಸ್ಪ್ರೆಸ್ಸೊ, ಎಕ್ಸ್‌ಸಿಯುಐಟೆಸ್ಟ್. ಫ್ಲಟರ್: ಪಟ್ರೋಲ್. ಸೋರ್ಸ್ ಕೋಡ್ ಸಿಗುವುದಿಲ್ಲ, ನಿಜವಾದ ಐಫೋನ್ ಬೇಕೇ ಬೇಕು, ಜಾವಾ ಅಥವಾ ಪೈಥಾನ್ ಬಲ್ಲ ಟೆಸ್ಟರ್‌ಗಳಿದ್ದಾರೆ: ಅಪಿಯಂ. ಕೋಡಿಂಗ್ ಗೊತ್ತಿಲ್ಲದ ಇಬ್ಬರು ಟೆಸ್ಟರ್‌ಗಳು, ಆಂಡ್ರಾಯ್ಡ್ ಬಳಕೆದಾರರೇ ಹೆಚ್ಚು: ಮಾಯೆಸ್ಟ್ರೊ. ರಿಯಾಕ್ಟ್ ನೇಟಿವ್ ಆದರೆ ನಾನು ಡಿಟಾಕ್ಸ್‌ಗಿಂತ ಮೊದಲು ಮಾಯೆಸ್ಟ್ರೊವನ್ನೇ ಪ್ರಯತ್ನಿಸುತ್ತೇನೆ. ಇದನ್ನು ಒಪ್ಪದವರೂ ಇದ್ದಾರೆ.

ಎರಡರ ಮಧ್ಯೆ ಸಿಕ್ಕಿಕೊಂಡರೆ ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಆ್ಯಪ್‌ನ ಅತಿ ಮುಖ್ಯ ದಾರಿ ಒಂದನ್ನು ಎರಡರಲ್ಲೂ ಬರೆಯಿರಿ. ರಾತ್ರಿಯಿಡೀ ಮತ್ತೆ ಮತ್ತೆ ಓಡಲು ಬಿಟ್ಟು, ಕಾರಣವಿಲ್ಲದೆ ಎಷ್ಟು ಸಲ ಬಿತ್ತು ಅಂತ ಬೆಳಿಗ್ಗೆ ಎಣಿಸಿ. ಆಮೇಲೆ ಡೆವಲಪರ್‌ಗೆ ಹೇಳಿ ಬೇಕಂತಲೇ ಒಂದು ಬಟನ್ ಕೆಡಿಸಿ. ಬಂದ ವರದಿಯನ್ನು ಆ ಟೆಸ್ಟ್ ಬರೆಯದ ಇನ್ನೊಬ್ಬರ ಕೈಗೆ ಕೊಡಿ. ಎಲ್ಲಿ ಕೆಟ್ಟಿದೆ ಅಂತ ನಿಮ್ಮನ್ನು ಕೇಳದೆ ಅವರು ಯಾವ ವರದಿಯಿಂದ ಬೇಗ ಹೇಳುತ್ತಾರೋ ಆ ಟೂಲ್ ಇಟ್ಟುಕೊಳ್ಳಿ. ಎರಡರಿಂದಲೂ ಹೇಳಲಾಗದಿದ್ದರೆ ಟೂಲ್ ಬದಲಿಸುವ ಮೊದಲು ಸ್ಕ್ರೀನ್ ರೆಕಾರ್ಡಿಂಗ್ ಮತ್ತು ಆ್ಯಪ್‌ನ ಲಾಗ್ ವರದಿಗೆ ಸೇರಿಸಿ ಇನ್ನೊಮ್ಮೆ ಓಡಿಸಿ.